ನಾವು ಕೊಳ್ಳದ ಗಾಡಿ

ಸತ್ತವರು ಮನೆಗೆ ಬರುತ್ತಾರೆ ಎಂಬ ಮಾತನ್ನು ನಾನು ಎಂದೂ ನಂಬಿದವಳಲ್ಲ. ಅಮ್ಮ ತೀರಿಕೊಂಡ ವರ್ಷ ಪಕ್ಕದ ಮನೆಯಾಕೆ, "ರಾತ್ರಿ ನಿಮ್ಮಮ್ಮನ ಬಳೆ ಸದ್ದು ಕೇಳ್ತು ಕಣೇ" ಎಂದಿದ್ದಳು. "ಅಮ್ಮ ಬರೋಳಾಗಿದ್ರೆ ನಮ್ಮನೇಗೆ ಬರ್ತಿದ್ಲು, ನಿಮ್ಮನೇಗ್ಯಾಕೆ ಬರ್ತಾಳೆ ಮಾರಾಯ್ತಿ" ಎಂದು ಅವಳ ಬಾಯಿ ಮುಚ್ಚಿಸಿದ್ದೆ. ಈಗಲೂ ನಂಬುತ್ತೇನೆ ಎನ್ನಲಾರೆ. ಆದರೆ ಒಂದು ಸಂಜೆ ನನ್ನ ಕಿವಿಯಾರೆ ಕೇಳಿದ್ದನ್ನು ಕೇಳಲಿಲ್ಲ ಎಂದೂ ಹೇಳಲಾರೆ. ಇಷ್ಟು ವರ್ಷ ಇದನ್ನು ಬರೆಯದೆ ಇದ್ದೆ, ಏಕೆಂದರೆ ಅದನ್ನು ಕೇಳಿದ ಇನ್ನೊಬ್ಬರು ಬದುಕಿದ್ದರು. ಈಗ ಅವರೂ ಇಲ್ಲ.

ನಮ್ಮ ಮನೆ ಶಿವಮೊಗ್ಗದಲ್ಲಿ, ರೈಲ್ವೆ ಸ್ಟೇಷನ್ನಿನಿಂದ ಪೇಟೆಗೆ ಹೋಗುವ ದಾರಿಯಲ್ಲಿತ್ತು. ಅಪ್ಪ ಎರಡು ಎತ್ತಿನ ಗಾಡಿ ಇಟ್ಟುಕೊಂಡು ಸ್ಟೇಷನ್ನಿನ ಸಾಮಾನನ್ನು ಅಂಗಡಿಗಳಿಗೆ ಹೊಡೆಯುತ್ತಿದ್ದರು. ಗಾಡಿಗಿಂತ ಅವರಿಗೆ ಹೆಸರಿದ್ದದ್ದು ದನ ಆರಿಸುವುದರಲ್ಲಿ. ಸುಳಿ, ಕೊಂಬು, ಗೊರಸು ನೋಡಿ, ಒಂದು ಸುತ್ತು ನಡೆಸಿ, ಕೊನೆಗೆ ಬೆನ್ನ ಮೇಲೆ ಅಂಗೈ ಊರಿ ಸುಮ್ಮನೆ ನಿಲ್ಲುತ್ತಿದ್ದರು. ಅವರು ತಲೆಯಾಡಿಸಿದರೆ ವ್ಯಾಪಾರ ಆದ ಹಾಗೆ. ಸುತ್ತಲ ಹಳ್ಳಿಯವರೆಲ್ಲ ಹೋರಿ ಕೊಳ್ಳುವ ಮೊದಲು ಅವರನ್ನು ಕರೆದುಕೊಂಡು ಹೋಗುತ್ತಿದ್ದರು.

ಅಮ್ಮ ಹೋದ ಮೇಲೆ ನಾನು ಮಿಡ್ಲ್ ಸ್ಕೂಲು ಬಿಟ್ಟು ಮನೆ ನೋಡಿಕೊಂಡೆ. ತಮ್ಮ ಚಂದ್ರು ನನ್ನ ಕೈಯಲ್ಲೇ ಬೆಳೆದ. ನನ್ನ ಮದುವೆಯ ಮಾತು ಬಂದಾಗಲೆಲ್ಲ ಇವನೊಂದು ದಾರಿಗೆ ಹತ್ತಲಿ ಎನ್ನುತ್ತಿದ್ದೆ. ಅವನು ದಾರಿಗೆ ಹತ್ತಿದ್ದು ಭದ್ರಾವತಿಯ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದಾಗ. ಅಪ್ಪ ಕೊನೆಯವರೆಗೂ ಭದ್ರಾವತಿಯನ್ನು ಅದರ ಹಳೆಯ ಹೆಸರಿನಿಂದ ಬೆಂಕೀಪುರ ಎಂದೇ ಕರೆಯುತ್ತಿದ್ದರು. ಕೆಲಸದ ಪಾಳಿಗೂ ರೈಲಿನ ಹೊತ್ತಿಗೂ ಹೊಂದಾಣಿಕೆ ಇರಲಿಲ್ಲ. ಚಂದ್ರು ಒಮ್ಮೊಮ್ಮೆ ಸೈಕಲ್ಲು ತುಳಿದುಕೊಂಡು ಬರುತ್ತಿದ್ದ, ಒಮ್ಮೊಮ್ಮೆ ಅಲ್ಲೇ ನ್ಯೂ ಟೌನಿನಲ್ಲಿ ಸ್ನೇಹಿತರ ಮನೆಯ ಜಗಲಿಯಲ್ಲಿ ಮಲಗಿಬಿಡುತ್ತಿದ್ದ. ಅವನು ಬಾರದ ದಿನ ಅಪ್ಪ ಊಟಕ್ಕೆ ಕೂತರೂ ಕಿವಿ ಬೀದಿಯ ಕಡೆಗೇ ಇರುತ್ತಿತ್ತು. ಹೀಗಾಗಿ ಮೋಟಾರು ಸೈಕಲ್ಲಿನ ಮಾತು ಬಂದಾಗ ಬೇಡವೆನ್ನುತ್ತಾರೆ ಎಂದುಕೊಂಡಿದ್ದ ನಮಗೆ ಅವರು, "ಕೊಳ್ಳೋಣ. ಆದ್ರೆ ನಾನು ನೋಡಿ ಆರಿಸ್ತೀನಿ" ಎಂದದ್ದು ಆಶ್ಚರ್ಯವಾಗಿತ್ತು.

ಎರಡನೆಯ ಮಹಾಯುದ್ಧ ಮುಗಿದ ಮಾರನೆಯ ವರ್ಷವಿರಬೇಕು. ಹೊಳೆಯ ಕಡೆ ಲಾರಿ, ಸೈಕಲ್ಲು ರಿಪೇರಿ ಮಾಡುತ್ತಿದ್ದ ಖಾದರ್ ಸಾಹೇಬರ ಹತ್ತಿರ ಎರಡು ಮೋಟಾರು ಸೈಕಲ್ಲು ಮಾರಾಟಕ್ಕಿದ್ದವು. ಒಂದು ಮಿಲಿಟರಿಯವರು ಹರಾಜು ಹಾಕಿದ್ದು, ಹಸಿರು ಬಣ್ಣದ್ದು, ಕೋಣದಷ್ಟು ಭಾರ. ಇನ್ನೊಂದು ಸಣ್ಣದು, ಹಳೆಯದು, ಟ್ಯಾಂಕಿನ ಮೇಲೆ ನೆಗ್ಗು ಬಿದ್ದಿತ್ತು. ಒಂದು ಸಂಜೆ ಚಂದ್ರು ಸಾಹೇಬರನ್ನು ಕಾಡಿ ಸಣ್ಣದನ್ನು ನನಗೆ ತೋರಿಸಲೆಂದು ಮನೆಗೇ ತಂದ. ಅದು ಬೀದಿಗೆ ತಿರುಗಿದಾಗಲೇ ನನಗೆ ಕೇಳಿಸಿತು. ಕುದಿಯುವ ಪಾತ್ರೆಯ ಮುಚ್ಚಳದ ಹಾಗೆ ಅದರ ಮಡ್‌ಗಾರ್ಡು ಲಟಲಟ ಎನ್ನುತ್ತಿತ್ತು. ನಿಲ್ಲಿಸಿದ ಮೇಲೂ ಮುದುಕರ ಹಾಗೆ ಎರಡು ಸಲ ಕೆಮ್ಮಿ ಆಮೇಲೆ ಸುಮ್ಮನಾಯಿತು.

"ಅಕ್ಕಾ, ಎರಡೂ ಕದ ತೆಗಿ! ಇದರ ಕೊಂಬು ಅಗಲ" ಎಂದು ಹೊರಗಿಂದ ಕೂಗಿದ.

ನಮ್ಮ ಬಾಗಿಲಿನ ಒಂದು ಕದಕ್ಕೆ ಯಾವಾಗಲೂ ಅಗುಳಿ ಹಾಕಿರುತ್ತಿತ್ತು, ಮನುಷ್ಯರಿಗೆ ಇನ್ನೊಂದೇ ಸಾಕು. ನಾನು ಎರಡನ್ನೂ ತೆಗೆದೆ. ಅವನು ಮುಂದಿನ ಚಕ್ರವನ್ನು ಹೊಸ್ತಿಲಿಗೆ ಡಬ್ ಎಂದು ತಾಗಿಸಿ, ಒಬ್ಬನೇ ಹ್ಯಾಂಡಲು ಹಿಡಿದು ಎತ್ತಿ, ಗಾಡಿಯನ್ನು ಪಡಸಾಲೆಗೇ ತಂದು ನಿಲ್ಲಿಸಿದ. "ನೋಡಕ್ಕ, ಬೆಕ್ಕಿನ ಮರಿ ಥರ ಒಳಗೇ ಮಲಗಿಸ್ಕೋಬಹುದು" ಎಂದು ನಕ್ಕ. ಹೊಸ್ತಿಲ ಮೇಲೆ ಚಕ್ರದ ಮಣ್ಣು ಅಂಟಿದ್ದಕ್ಕೆ ನಾನು ಬೈದೆ. ಅಪ್ಪ ಕೂತಲ್ಲಿಂದಲೇ ಗಾಡಿಯನ್ನು ನೋಡಿದರು.

ಭಾನುವಾರ ರಾಗಿಗುಡ್ಡದ ಬುಡದ ಬಯಲಿಗೆ ಸಾಹೇಬರು ಎರಡನ್ನೂ ತರಿಸಿದರು. ನಾನು ಬುತ್ತಿ ಕಟ್ಟಿಕೊಂಡು ಹೋಗಿದ್ದೆ. ಅಪ್ಪ ಹೆಗಲ ಮೇಲಿನ ವಲ್ಲಿ ಸರಿಮಾಡಿಕೊಂಡು ಎರಡು ಗಾಡಿಗಳ ಸುತ್ತಲೂ ಬಂದರು. ಸಣ್ಣದರ ನೆಗ್ಗನ್ನು ಹೆಬ್ಬೆರಳಲ್ಲಿ ಒತ್ತಿ, "ಇದು ಬಿದ್ದಿದೆ" ಎಂದರು.

"ಬಿದ್ದಿದೆ ಗೌಡ್ರೇ, ಬಹಳ ಸಲ ಬಿದ್ದಿದೆ" ಎಂದರು ಸಾಹೇಬರು. "ಕಲಿಯೋರೆಲ್ಲ ಇದರ ಮೇಲೇ ಕಲ್ತಿದ್ದು. ಒಬ್ಬನಿಗಾದ್ರೂ ಕಾಲು ಮುರೀಲಿಲ್ಲ."

"ಒಂದ್ಸಲ ನೊಗದಲ್ಲಿ ಮಂಡಿ ಊರಿದ ಹೋರಿ ಇನ್ನೊಂದ್ಸಲ ಊರೇ ಊರ್ತದೆ ಸಾಬ್ರೇ."

"ದನ ಬಿದ್ರೆ ತಾನೇ ಎದ್ದು ನಿಲ್ತದೆ. ಇದು ಏಳಲ್ಲ. ಹುಡುಗ ಎಬ್ಬಿಸ್ಬೇಕು. ಹೊಸಬನಿಗೆ ಎರಡೂ ಪಾದ ನೆಲಕ್ಕೆ ಪೂರಾ ಊರ್ಬೇಕು, ಬಿದ್ರೆ ಒಬ್ಬನೇ ಎತ್ತೋ ಹಾಗಿರ್ಬೇಕು. ದೊಡ್ಡದು ಎರಡು ವರ್ಷ ಬಿಟ್ಟು ತಗೊಳ್ಳಲಿ, ನಾನೇ ಕೊಡಿಸ್ತೀನಿ."

"ದೊಡ್ಡದನ್ನ ಬೇರೆ ಯಾರಿಗೋ ಮಾತು ಕೊಟ್ಟಿರ್ಬೇಕು, ಅದಕ್ಕೇ ನಮಗೆ ಕುಂಟನ್ನ ಕಟ್ತಿದೀರಿ" ಎಂದು ಅಪ್ಪ ನಕ್ಕರು. ಸಾಹೇಬರೂ ನಕ್ಕು ಕೈಚೆಲ್ಲಿದರು. ಬೇರೊಬ್ಬರಿಗೆ ಮಾತು ಕೊಟ್ಟಿರಲಿಲ್ಲ ಎಂದು ಆಮೇಲೆ ತಿಳಿಯಿತು.

ಚಂದ್ರು ಮೊದಲು ಸಣ್ಣದನ್ನು ಹತ್ತಿದ. ಬಯಲಿನ ತುದಿಯಲ್ಲಿ ತಿರುಗಿಸುವಾಗ ಪಲ್ಟಿಯಾದ. ನಾನು ಚೀರಿದೆ. ಧೂಳು ಇಳಿಯುವ ಮೊದಲೇ ಅವನು ಎದ್ದು, ಗಾಡಿಯನ್ನೂ ಎಬ್ಬಿಸಿ, ನಗುತ್ತಾ ಮತ್ತೆ ಬಂದ. ಆಮೇಲೆ ದೊಡ್ಡದನ್ನು ಹತ್ತಿದ. ಅದು ಗುಡುಗುಡು ಎಂದು ನೆಟ್ಟಗೆ ಹೋಗಿ, ದೊಡ್ಡ ಸುತ್ತು ಹಾಕಿ ನೆಟ್ಟಗೆ ಬಂತು. ಬೀಳಲಿಲ್ಲ. ನಮ್ಮ ಮೂವರ ಕಣ್ಣಿಗೂ ಕಂಡದ್ದು ಅಷ್ಟೆ. ಒಂದು ಬೀಳಿಸಿತು, ಇನ್ನೊಂದು ಬೀಳಿಸಲಿಲ್ಲ. ಬಿದ್ದ ಮೇಲೆ ಏನಾಯಿತು ಎಂಬುದನ್ನು ಸಾಹೇಬರೊಬ್ಬರೇ ನೋಡಿದ್ದು.

ಅಪ್ಪ ಹಸಿರು ಟ್ಯಾಂಕಿನ ಮೇಲೆ ಅಂಗೈ ಊರಿ ನಿಂತರು. "ಯುದ್ಧಕ್ಕೆ ಹೋಗಿ ಒಂದು ಗಾಯ ಇಲ್ದೆ ಬಂದಿದೆ. ಬೆಂಕೀಪುರಕ್ಕೆ ಹೋಗಿ ಬರಲ್ವಾ?" ಎಂದು ತಲೆಯಾಡಿಸಿದರು. ಚಂದ್ರು ನನ್ನ ಮುಖ ನೋಡಿದ. ಅವನ ಮನಸ್ಸು ಸಣ್ಣದರಲ್ಲಿತ್ತು ಎಂದು ನನಗೆ ಗೊತ್ತಿತ್ತು. ಆದರೆ ಅವನು ಬಿದ್ದ ಧೂಳು ನನ್ನ ಕಣ್ಣಿನಿಂದ ಇನ್ನೂ ಹೋಗಿರಲಿಲ್ಲ. "ಅಪ್ಪ ಹೇಳಿದ್ದೇ ಆಗ್ಲಿ ಕಣೋ" ಎಂದೆ.

ಆ ಗಾಡಿಯ ಮೇಲೆ ಈಗಲೂ ನನಗೆ ದ್ವೇಷವಿಲ್ಲ. ಮಳೆಗಾಲವೆಲ್ಲ ಅದು ಅವನನ್ನು ಚೆನ್ನಾಗಿಯೇ ಕರೆತಂದಿತು. ಮನೆಯೊಳಗೆ ತರುವ ಮಾತಿರಲಿಲ್ಲ, ಪಕ್ಕದ ಗಾಡಿ ಕೊಟ್ಟಿಗೆಯಲ್ಲಿ ನಿಲ್ಲಿಸುತ್ತಿದ್ದ. ಕೊಟ್ಟಿಗೆಯ ಮುಂದಿನ ಏರು ಹತ್ತಿಸಲು ಅವನೊಬ್ಬನಿಂದ ಆಗುತ್ತಿರಲಿಲ್ಲ, ಹಿಂದಿನಿಂದ ಅಪ್ಪನೋ ನಾನೋ ತಳ್ಳಬೇಕಿತ್ತು. ಅದರ ಸದ್ದು ತುಂಗೆಯ ಸೇತುವೆ ದಾಟುವಾಗಲೇ ಕೇಳುತ್ತದೆ ಎಂದು ಅಪ್ಪ ಹೇಳುತ್ತಿದ್ದರು. ಅದು ನಿಜವಿರಲಾರದು. ಆದರೆ ಅವರು ಮತ್ತೆ ನೆಮ್ಮದಿಯಿಂದ ಊಟ ಮಾಡುತ್ತಿದ್ದರು.

ದೀಪಾವಳಿಗೆ ಇನ್ನು ಸ್ವಲ್ಪ ದಿನವಿತ್ತು. ಚಂದ್ರುವಿಗೆ ಹಗಲು ಪಾಳಿ. ನಾನು ದೀಪ ಹಚ್ಚಿ, ಬಾಗಿಲು ಮುಂದೆ ಮಾಡಿ, ಒಳಗೆ ರೊಟ್ಟಿ ತಟ್ಟುತ್ತಿದ್ದೆ. ಅಪ್ಪ ಪಡಸಾಲೆಯಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದರು. ಬೀದಿಯ ತುದಿಯಲ್ಲಿ ಮೋಟಾರು ಸೈಕಲ್ಲಿನ ಸದ್ದು ಕೇಳಿಸಿತು. ಹೆಂಚನ್ನು ಇಳಿಸಿ ಅವನಿಗೆ ಕೈಕಾಲು ತೊಳೆಯಲು ನೀರು ತೋಡಿದೆ. ಆಗ ನನ್ನ ಕೈ ನಿಂತಿತು. ಅದು ಗುಡುಗುಡು ಸದ್ದಲ್ಲ. ಪಾತ್ರೆಯ ಮುಚ್ಚಳ ಕುಣಿಯುವ ಹಾಗೆ ಲಟಲಟ ಎಂದುಕೊಂಡು ಬಂತು. ನಮ್ಮ ಮನೆಯ ಮುಂದೆ ನಿಂತಿತು. ಎರಡು ಸಲ ಕೆಮ್ಮಿತು.

ಪಡಸಾಲೆಯಿಂದ ಅಪ್ಪ, "ಬಂದ್ನೇನೇ? ಯಾವ್ದೇ ಗಾಡಿ ಅದು? ನಮ್ದಲ್ವಲ್ಲ" ಎಂದರು.

ಅವರ ಮಾತು ಮುಗಿಯುವಷ್ಟರಲ್ಲಿ ಹೊಸ್ತಿಲಿಗೆ ಡಬ್ ಎಂದು ಏನೋ ತಾಗಿತು. ನಾನು ಒದ್ದೆ ಕೈಯಲ್ಲೇ ಹೋಗಿ ಬಾಗಿಲು ತೆಗೆದೆ. ಜಗಲಿ ಖಾಲಿ ಇತ್ತು. ಬೀದಿಯೂ ಖಾಲಿ. ಎದುರು ಮನೆಯ ನಾಯಿ ಮಲಗಿದ್ದದ್ದು ತಲೆ ಕೂಡ ಎತ್ತಿರಲಿಲ್ಲ. ಸುಟ್ಟ ಎಣ್ಣೆಯ ವಾಸನೆ ಬಂದಂತಾಯಿತು, ಆದರೆ ಅದು ಒಳಗಿನ ದೀಪದ್ದೂ ಇರಬಹುದು. ಸ್ವಲ್ಪ ಹೊತ್ತು ನಿಂತು, "ಯಾರೂ ಇಲ್ಲಪ್ಪ" ಎಂದು ಒಳಗೆ ಬಂದೆ. ಅಪ್ಪ ಹಗ್ಗ ಕೆಳಗಿಟ್ಟು ಬಾಗಿಲನ್ನೇ ನೋಡುತ್ತಿದ್ದರು. ನಾನು ಮತ್ತೆ ಹೆಂಚು ಏರಿಸಿದೆ, ಆದರೆ ರೊಟ್ಟಿ ತಟ್ಟಲು ಕೈ ಬರಲಿಲ್ಲ.

ಅದಾದ ಎಷ್ಟೋ ಹೊತ್ತಿನ ಮೇಲೆ ಒಂದು ಲಾರಿ ಬಂದು ನಿಂತಿತು. ಚಂದ್ರುವಿನ ಜೊತೆ ಕೆಲಸ ಮಾಡುವ ತಮಿಳು ಹುಡುಗ ಇಳಿದು, "ಅಮ್ಮಾ, ನೀವು ಧೈರ್ಯವಾ ಇರಬೇಕು ಅಮ್ಮಾ" ಎಂದು ಅಲ್ಲೇ ಅಳತೊಡಗಿದ.

ರಸ್ತೆಯ ತಿರುವಿನಲ್ಲಿ ಜಲ್ಲಿ ಹರಡಿತ್ತಂತೆ. ಚಂದ್ರು ಜೋರಾಗಿಯೂ ಹೋಗುತ್ತಿರಲಿಲ್ಲವಂತೆ. ಗಾಡಿ ಜಾರಿ ಪಕ್ಕದ ಚರಂಡಿಗೆ ಮಗುಚಿ ಅವನ ಮೇಲೆ ಬಿದ್ದಿತ್ತು. ತಲೆಗೆ ಪೆಟ್ಟಾಗಿರಲಿಲ್ಲ, ಮೂಳೆ ಮುರಿದಿರಲಿಲ್ಲ. ಅವನ ಎರಡೂ ಅಂಗೈ ಚರ್ಮ ಸುಲಿದಿತ್ತು. ಆ ದಾರಿಯಲ್ಲಿ ಜನ ಬರುವ ಹೊತ್ತಿಗೆ ತಡವಾಗಿತ್ತು. ಗಾಡಿಯನ್ನು ಅವನ ಎದೆಯ ಮೇಲಿಂದ ಎತ್ತಲು ಇಬ್ಬರು ಬೇಕಾಯಿತು ಎಂದು ಆ ಹುಡುಗ ಹೇಳಿದ. ಅಪ್ಪ ಅದನ್ನು ಕೇಳಿ ಗೋಡೆಗೆ ಅಂಗೈ ಊರಿ ನಿಂತುಕೊಂಡರು.

ಅವನು ಹೋದದ್ದೂ ಆ ಸದ್ದು ಬಂದದ್ದೂ ಒಂದೇ ಹೊತ್ತಿಗೆ ಎಂದು ನಾನು ಹೇಳಲಾರೆ. ನಮ್ಮ ಮನೆಯಲ್ಲಿ ಗಡಿಯಾರವಿರಲಿಲ್ಲ, ಅವನ ಹತ್ತಿರವಂತೂ ಯಾರೂ ಇರಲಿಲ್ಲ. ಆ ಸಂಜೆ ಬೇರೆ ಯಾರದೋ ಗಾಡಿ ಬೀದಿಯಲ್ಲಿ ಬಂದಿತ್ತೇ ಎಂದು ತಿಂಗಳ ಮೇಲೆ ಅಕ್ಕಪಕ್ಕದವರನ್ನು ಕೇಳಿದೆ. ಯಾರೂ ಏನೂ ಕೇಳಿಸಿಕೊಂಡಿರಲಿಲ್ಲ. ಖಾದರ್ ಸಾಹೇಬರ ಅಂಗಡಿಗೂ ಹೋದೆ. ಸಣ್ಣ ಗಾಡಿ ಆಷಾಢದಲ್ಲೇ ಸಾಗರದ ಕಡೆಯವರಿಗೆ ಹೋಯಿತು ಎಂದರು. ಯಾಕೆ ಕೇಳಿದೆ ಎಂದು ಅವರು ವಿಚಾರಿಸಿದಾಗ ಹೇಳಿಬಿಟ್ಟೆ. ಅವರು ನಗಲಿಲ್ಲ. "ನಾನು ಇನ್ನೊಂದು ಸಲ ಜೋರಾಗಿ ಹೇಳ್ಬೇಕಿತ್ತಮ್ಮಾ" ಎಂದು ಎಣ್ಣೆಯ ಕೈಯನ್ನು ಒರೆಸಿಕೊಳ್ಳುತ್ತಲೇ ಇದ್ದರು.

ನನ್ನ ಮನಸ್ಸೇ ಹುಟ್ಟಿಸಿಕೊಂಡ ಸದ್ದು ಎಂದು ಒಪ್ಪಿಕೊಳ್ಳಲು ಎಷ್ಟೋ ಸಲ ನೋಡಿದ್ದೇನೆ. ಒಪ್ಪಿಬಿಡಬಹುದಿತ್ತು, ಅಪ್ಪನಿಗೆ ಕೇಳಿಸಿರದಿದ್ದರೆ. ಆದರೆ ಅದರ ಬಗ್ಗೆ ನಾವಿಬ್ಬರೂ ಒಂದು ದಿನವೂ ಮಾತಾಡಲಿಲ್ಲ. ಮಾತಾಡಿದರೆ ಆ ಬಯಲು, ಆ ಭಾನುವಾರ, ಆ ಅಂಗೈ ಎಲ್ಲ ಬರುತ್ತಿತ್ತು. ಆಮೇಲೆ ಅಪ್ಪ ಯಾರಿಗೂ ದನ ಆರಿಸಿಕೊಡಲಿಲ್ಲ. ಕರೆಯಲು ಬಂದವರಿಗೆ, "ನನ್ ಕೈ ಸರಿ ಇಲ್ಲ, ಬೇರೆಯವರನ್ನ ಕರ್ಕೊಂಡ್ ಹೋಗಪ್ಪ" ಎನ್ನುತ್ತಿದ್ದರು. ನಾನಾದರೂ "ನಾನೂ ಹೂಂ ಅಂದಿದ್ದೆನಲ್ಲಪ್ಪ" ಎಂದು ಹೇಳಬೇಕಿತ್ತು. ಹೇಳಿದ್ದರೆ ಅವರ ಭಾರ ಅರ್ಧವಾಗುತ್ತಿತ್ತೋ ಏನೋ. ಹೇಳಲಿಲ್ಲ.

ಅವರು ಹಾಸಿಗೆ ಹಿಡಿದು ಮಾತು ಕಡಿಮೆಯಾದ ಮೇಲೆ, ಒಂದು ದಿನ ದೀಪ ಹಚ್ಚುವ ಹೊತ್ತಿಗೆ ನನ್ನನ್ನು ಹತ್ತಿರ ಕರೆದರು. ನೀರು ಬೇಕೇನೋ ಎಂದುಕೊಂಡೆ.

"ಆವತ್ತು ಎರಡೂ ಕದ ತೆಗ್ದಿದ್ಯೇನೇ?" ಎಂದರು.

ಯಾವತ್ತು ಎಂದು ನಾನು ಕೇಳಲಿಲ್ಲ.

"ಹೂಂ ಅಪ್ಪಾ, ಎರಡೂ ತೆಗ್ದಿದ್ದೆ."

"ಹಂಗಾದ್ರೆ ಒಳಗೆ ಬಂದಿರ್ತಾನೆ ಬಿಡು" ಎಂದು ಗೋಡೆಯ ಕಡೆ ಮಗ್ಗುಲಾದರು.

ಆ ಸಂಜೆ ನಮ್ಮ ಬಾಗಿಲಿಗೆ ಬಂದದ್ದು ಏನು ಎಂದು ನನಗೆ ಈಗಲೂ ಗೊತ್ತಿಲ್ಲ. ನಾನು ತೆಗೆದದ್ದು ಒಂದೇ ಕದ.