ಪುಟ್ಟಗಂಗಮ್ಮ ತರಿಸಿದ ನಲ್ಲಿ

ಕೆಂಚಾಪುರದ ಹಿಂದಲ ಬೀದಿಗೆ ನಲ್ಲಿ ಬಂದದ್ದು ಪುಟ್ಟಗಂಗಮ್ಮನಿಂದ. ಇದನ್ನು ಬೀದಿಯಲ್ಲಿ ಯಾರೂ ಅಲ್ಲಗಳೆಯುವುದಿಲ್ಲ. ಒಂದು ಕಾಲದಲ್ಲಿ ಹೊಗಳಿ ಹೇಳುತ್ತಿದ್ದರು, ಈಗ ಬೇರೆ ದನಿಯಲ್ಲಿ ಹೇಳುತ್ತಾರೆ. ನಾನೂ ಅದೇ ಬೀದಿಯವನು. ಅವಳ ಮನೆಯ ಎದುರು ಸಾಲಿನಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇನೆ. ಮಿಷನ್ನಿಗೆ ಕೂತರೆ ಅವಳ ಜಗುಲಿ ಕಾಣುತ್ತದೆ. ನಡೆದದ್ದರಲ್ಲಿ ಬಹುಪಾಲು ನಾನು ಕಂಡದ್ದು, ಉಳಿದದ್ದು ಅವಳೇ ಹೇಳಿದ್ದು.

ಕೆಂಚಾಪುರ ದೊಡ್ಡ ಊರಲ್ಲ. ತಿಪಟೂರಿನ ಬಸ್ಸು ನಿಲ್ಲುವ ಜಾಗ, ಅದರ ಸುತ್ತ ಅಂಗಡಿಗಳು, ಊರಾಚೆ ಕೊಬ್ಬರಿ ಮಂಡಿಗಳು, ಅವುಗಳಾಚೆ ತೆಂಗಿನ ತೋಟ. ಮುಂದಿನ ಬೀದಿಗಳಿಗೆ ಬಹಳ ವರ್ಷಗಳಿಂದ ಕೆರೆಯ ನೀರಿನ ನಲ್ಲಿ ಇತ್ತು. ಹಿಂದಲ ಬೀದಿಯ ನಮಗೆ ಮಾತ್ರ ಬೋರ್‌ವೆಲ್ ಪಂಪು. ಅದರ ನೀರು ಕುದಿಸಿದರೆ ಪಾತ್ರೆಗೆ ಬಿಳಿ ಪೊರೆ ಕಟ್ಟುತ್ತಿತ್ತು, ಬೇಳೆ ಬೇಯುತ್ತಿರಲಿಲ್ಲ, ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಬೀಳುತ್ತಿತ್ತು. ಪುಟ್ಟಗಂಗಮ್ಮನ ಗಂಡ ಶ್ರೀರಂಗಯ್ಯ ನಲವತ್ತು ದಾಟುವ ಹೊತ್ತಿಗೇ ಬೆನ್ನು ಬಗ್ಗಿಸಲಾರದವನಾದ. ಮರ ಹತ್ತಿ ಕಾಯಿ ಕೆಡವುತ್ತಿದ್ದವನು ಮರ ಬಿಟ್ಟ, ಆಮೇಲೆ ಸೈಕಲ್ ಬಿಟ್ಟ, ಕೊನೆಗೆ ಕತ್ತು ಸಹ ತಿರುಗದೆ ಯಾರಾದರೂ ಕರೆದರೆ ಮೈಯೆಲ್ಲ ತಿರುಗಿಸಿ ನೋಡುವಂತಾಯಿತು. ಎಲುಬಿನ ಡಾಕ್ಟರು ಫೋಟೋ ತೆಗೆಸಿ ನೋಡಿ, ಇದು ನೀರಿನಿಂದ ಬಂದದ್ದು, ಇದಕ್ಕೆ ಮದ್ದಿಲ್ಲ, ಮನೆಯ ಉಳಿದವರಾದರೂ ಆ ನೀರು ಬಿಡಿ ಎಂದರು.

ಅವತ್ತಿನಿಂದ ಪುಟ್ಟಗಂಗಮ್ಮನಿಗೆ ನಲ್ಲಿಯ ಹಠ ಹಿಡಿಯಿತು. ಮಂಡಿಯಲ್ಲಿ ಚಿಪ್ಪು ಒಡೆದು ಉಂಡೆ ಕೊಬ್ಬರಿ ಬಿಡಿಸುವುದು ಅವಳ ಕೆಲಸ. ಸೋಮವಾರ ಮಾತ್ರ ಕೆಲಸಕ್ಕೆ ಹೋಗದೆ, ಮಗ ಬಾಲರಾಜುವಿನ ಗೂಡ್ಸ್ ಆಟೋದಲ್ಲಿ ಗಂಡನನ್ನು ಕೂರಿಸಿಕೊಂಡು ಪಟ್ಟಣ ಪಂಚಾಯಿತಿಯ ವರಾಂಡಕ್ಕೆ ಹೋಗಿ ಕೂರುತ್ತಿದ್ದಳು. ಅಧಿಕಾರಿಗಳು ಹಿಂದಿನಿಂದ ಬಂದು ಒಳಗೆ ನುಸುಳಿಕೊಳ್ಳಲು ನೋಡಿದರೆ ಎದ್ದು ನಿಲ್ಲುತ್ತಿದ್ದಳು.

“ಸಾರ್, ಇವ್ರ ಕತ್ತು ತಿರುಗಲ್ಲ. ನೀವೇ ಎದುರ್ಗೆ ಬಂದು ನಿಂತ್ಕೊಂಡು ಮಾತಾಡಿ.”

ನಮ್ಮ ವಾರ್ಡಿನ ಸದಸ್ಯ ಹನುಮಂತರಾಜು ಮೊದಮೊದಲು ನಕ್ಕ. ಆಮೇಲೆ ಅವನಿಗೆ ಆ ಬಾಗಿಲಲ್ಲಿ ಓಡಾಡುವುದೇ ಕಷ್ಟವಾಯಿತು. ಚುನಾವಣೆ ಹತ್ತಿರ ಬಂದಾಗ ಹಿಂದಲ ಬೀದಿಗೆ ಪೈಪ್‌ಲೈನ್ ಮಂಜೂರಾಯಿತು.

ಕೆಲಸ ಬಹಳ ಅವಸರದಲ್ಲಿ ಆಯಿತು. ಬೀದಿಗೆ ಹಿಂದಿನ ವರ್ಷವಷ್ಟೇ ಕಾಂಕ್ರೀಟು ಹಾಕಿದ್ದರು, ಅದನ್ನು ಒಡೆಯುವ ಗೋಜಿಗೆ ಹೋಗದೆ ಕಂಟ್ರಾಕ್ಟರ್ ಕಡೆಯವರು ಚರಂಡಿಯ ಚಪ್ಪಡಿ ಎತ್ತಿ ಪೈಪನ್ನು ಅದರೊಳಗೇ ಎಳೆದರು. ಮಂಡಿಯಿಂದ ಬಂದ ಪುಟ್ಟಗಂಗಮ್ಮ ನೋಡಿ ಕೇಳಿದಳು, “ಇದೇನ್ ಸಾಮಿ, ಕುಡಿಯೋ ನೀರ್ನ ಮೋರಿ ಒಳಗೆ ಇಡ್ತಾ ಇದೀರಾ?”

ಉಸ್ತುವಾರಿಗೆ ಬಂದಿದ್ದ ಎಂಜಿನಿಯರು ಮೊಬೈಲಿನಿಂದ ತಲೆ ಎತ್ತಿದ. “ಪೈಪು ಮುಚ್ಕೊಂಡಿರುತ್ತೆ ಕಣಮ್ಮ. ಹೊರಗಿನದು ಒಳಗೆ ಹೆಂಗ್ ಬರುತ್ತೆ? ನಲ್ಲಿ ಬೇಕೋ ಬೇಡ್ವೋ?”

ಬೇಡ ಎನ್ನಲು ಅವಳಿಗೆ ಬಾಯೆಲ್ಲಿ ಬರಬೇಕು? ಅಷ್ಟು ಸೋಮವಾರ ಕೂತವಳು. ಓದಿದವರು ಹೇಳುತ್ತಿದ್ದಾರೆ ಎಂದುಕೊಂಡು ಸುಮ್ಮನಾದಳು. ನೀರು ಬಿಟ್ಟ ದಿನ ನಲ್ಲಿಗೆ ಅರಿಸಿನ ಕುಂಕುಮ ಹಚ್ಚಿ, ಕನಕಾಂಬರದ ಮಾಲೆ ಸುತ್ತಿ, ಮೊದಲ ಲೋಟ ಗಂಡನ ಕೈಗೆ ಕೊಟ್ಟಳು. ಬೀದಿಯ ಹೆಂಗಸರು ಅವಳ ಕೈಹಿಡಿದು ಹೊಗಳಿದರು. ಕೊಲ್ಲಾಪುರಮ್ಮ ಎನ್ನುವ ಮುದುಕಿಯಂತೂ ದೃಷ್ಟಿ ತಾಗದಿರಲೆಂದು ನೆಟಿಗೆ ಮುರಿದು, “ನಿನ್ ಹೊಟ್ಟೆ ತಣ್ಣಗಿರ್ಲಿ ಕಣವ್ವ” ಅಂದಳು.

ಶ್ರೀರಂಗಯ್ಯ ಹೆಚ್ಚು ಕಾಲ ಆ ನೀರು ಕುಡಿಯಲಿಲ್ಲ. ಗಟ್ಟಿಯಾದ ಎಲುಬು ಮತ್ತೆ ಸಡಿಲವಾಗುವುದುಂಟೇ? ಅವನು ಹೋದ ಮೇಲೆ ಬಾಲರಾಜುವಿಗೆ ಅರಳಗುಪ್ಪೆಯಿಂದ ಪವಿತ್ರಾ ಎಂಬ ಹುಡುಗಿಯನ್ನು ತಂದರು. ಮಾತು ಕಡಿಮೆ, ನಗು ಜಾಸ್ತಿ. ನನ್ನ ಅಂಗಡಿಗೆ ಬಂದು ಚಿಂದಿ ಬಟ್ಟೆ ಕೇಳಿಕೊಂಡು ಹೋಗಿ ಕೌದಿ ಹೊಲಿಯುತ್ತಿದ್ದಳು. ಅತ್ತೆಗೆ ಅವಳೆಂದರೆ ಪ್ರಾಣ. ಬಸುರಾದ ಮೇಲೆ ಪಂಪಿನ ಹತ್ತಿರವೇ ಬಿಡಲಿಲ್ಲ. “ಆ ಹಾಳು ನೀರು ತುಟಿಗೂ ಸೋಕಿಸ್ಬ್ಯಾಡ. ನಲ್ಲೀದೇ ಕುಡಿ. ನಿನ್ ಮಗೀನ ಹಲ್ಲು ಮುತ್ತಿನಂಗೆ ಬತ್ತವೆ ನೋಡು.”

ಬೇಸಿಗೆಯಲ್ಲಿ ನೀರು ಬಿಡುವುದು ಕಡಿಮೆಯಾಯಿತು. ವಾರಕ್ಕೊಮ್ಮೆ, ಅದೂ ಸ್ವಲ್ಪ ಹೊತ್ತು. ಒಂದು ಬೆಳಗ್ಗೆ ನೀರು ಹಿಡಿಯುತ್ತಿದ್ದ ಪವಿತ್ರಾ ಮೂಗು ಮುಚ್ಚಿಕೊಂಡಳು.

“ಅತ್ತೆ, ವಾಸ್ನೆ ಬತ್ತದೆ.”

“ಮೊದ್ಲು ಬರೋದು ಹಂಗೇ ಕಣೇ. ಒಂದು ಬಿಂದಿಗೆ ಚೆಲ್ಬುಡು, ಆಮೇಲೆ ಸರಿಹೋಯ್ತದೆ.”

ಸರಿಹೋಗುತ್ತಿತ್ತು ಕೂಡ, ಕಣ್ಣಿಗೆ. ನಾವೆಲ್ಲರೂ ಹಾಗೇ ಚೆಲ್ಲಿ ಹಿಡಿಯುತ್ತಿದ್ದೆವು.

ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ಬೀದಿಯಲ್ಲಿ ಮಕ್ಕಳಿಗೆ ವಾಂತಿ ಶುರುವಾಯಿತು. ಆಮೇಲೆ ದೊಡ್ಡವರಿಗೆ ಜ್ವರ. ಒಬ್ಬೊಬ್ಬರದೇ ಕಣ್ಣು ಹಳದಿಯಾಗತೊಡಗಿತು. ಪಂಚಾಯಿತಿಯವರು ಬಂದು, ಬಸ್‌ಸ್ಟ್ಯಾಂಡಿನ ಪಾನಿಪೂರಿಯಿಂದ ಕಾಮಾಲೆ ಹರಡುತ್ತಿದೆ ಎಂದು ಗಾಡಿಯವನನ್ನು ಊರು ಬಿಡಿಸಿದರು. ನೀರಿನ ಪರೀಕ್ಷೆಯೂ ಆಯಿತು. ಮಾದರಿ ಹಿಡಿದದ್ದು ಮುಂದಿನ ಬೀದಿಯ ನಲ್ಲಿಯಿಂದ. ನೀರು ಕುಡಿಯಲು ಯೋಗ್ಯ ಎಂದು ಆಟೋದಲ್ಲಿ ಮೈಕು ಕಟ್ಟಿ ಕೂಗಿಸಿದರು. ಆ ಆಟೋ ನಮ್ಮ ಬೀದಿಗೂ ಬಂದು ಕೂಗಿ ಹೋಯಿತು.

ಪವಿತ್ರಾಗೆ ವಾಂತಿ ಬಂದಾಗ ಬಸುರಿಯ ವಾಂತಿ ಎಂದುಕೊಂಡರು. ಏಳು ತುಂಬಿದ ಮೇಲೆ ಇದೆಂಥದು ಎಂದು ಕೊಲ್ಲಾಪುರಮ್ಮ ಅನುಮಾನಪಟ್ಟಳು. ಕಣ್ಣು ಹಳದಿಯಾದಾಗ ಬಾಲರಾಜು ಯಾರೋ ಹೇಳಿದರೆಂದು ಸೊಪ್ಪಿನ ಔಷಧಿ ಕೊಡುವವನ ಹತ್ತಿರ ಕರೆದುಕೊಂಡು ಹೋದ. ಮಜ್ಜಿಗೆ ಅನ್ನದ ಪಥ್ಯ ಮಾಡಿಸಿದರು. ಆಮೇಲೆ ಒಂದು ಮಧ್ಯಾಹ್ನ ಅವಳು ಜಗುಲಿಯಲ್ಲಿ ಕೂತು ಬಾಲರಾಜುವಿನ ಕಡೆ ನೋಡಿ, ನೀವು ಯಾರು ಎಂದು ಕೇಳಿದಳು. ಮಿಷನ್ನು ನಿಲ್ಲಿಸಿ ನಾನೇ ಓಡಿ ಹೋದೆ. ಗೂಡ್ಸ್ ಆಟೋದಲ್ಲಿ ಕೌದಿ ಹಾಸಿ ಮಲಗಿಸಿಕೊಂಡು ತಿಪಟೂರಿಗೆ ಹೋದೆವು, ಅಲ್ಲಿಂದ ಆಂಬುಲೆನ್ಸಿನಲ್ಲಿ ಇನ್ನೂ ದೊಡ್ಡ ಆಸ್ಪತ್ರೆಗೆ.

ಅಲ್ಲಿಯ ಡಾಕ್ಟರು ಹೆಣ್ಣುಮಗಳು, ವಯಸ್ಸು ಚಿಕ್ಕದು. ಹೊರಗೆ ಬಂದು ಪುಟ್ಟಗಂಗಮ್ಮನನ್ನು ಕೇಳಿದರು, “ಮನೇಲಿ ಯಾವ ನೀರು ಕುಡೀತೀರಮ್ಮ?”

“ನಲ್ಲಿ ನೀರು ಕಣವ್ವ. ಬೋರಿನ ನೀರು ಒಂದು ತೊಟ್ಟೂ ಕುಡಿಸಿಲ್ಲ ನಾನು” ಎಂದಳು ಪುಟ್ಟಗಂಗಮ್ಮ. ಅವಳ ದನಿಯಲ್ಲಿ ಆಗಲೂ ಒಂದು ಹೆಮ್ಮೆ ಇತ್ತು.

“ಕಾಯಿಸಿ ಕುಡೀತಿದ್ರಾ?”

“ನಲ್ಲೀದನ್ನ ಯಾಕೆ ಕಾಯಿಸ್ಬೇಕು?”

 ಡಾಕ್ಟರು, ಈ ಕಾಮಾಲೆ ಕೊಳೆ ಬೆರೆತ ನೀರಿನಿಂದ ಬರುತ್ತದೆ, ಬೇರೆಯವರಿಗೆ ಹೇಗೋ ವಾಸಿಯಾಗುತ್ತದೆ, ಬಸುರಿಯರನ್ನು ಉಳಿಸಿಕೊಳ್ಳುವುದು ಕಷ್ಟ ಎಂದು ಮೆಲ್ಲಗೆ ಹೇಳಿದರು. ಪುಟ್ಟಗಂಗಮ್ಮ ಗೋಡೆಗೆ ಒರಗಿ ನಿಂತಳು. ಅವಳು ಅಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು ಬಿಚ್ಚುವುದು ಮಾಡುತ್ತಿದ್ದಳು.

ಮಗು ಹೊಟ್ಟೆಯಲ್ಲೇ ಹೋಯಿತು. ಮಾರನೆಯ ದಿನ ಪವಿತ್ರಾ.

ಮಣ್ಣಿಗೆ ಬಂದಿದ್ದ ಪವಿತ್ರಾಳ ತಾಯಿ ಹೊಂಬಾಳಮ್ಮ ಯಾರನ್ನೂ ಬೈಯಲಿಲ್ಲ. ಎಲ್ಲ ಮುಗಿದು ಕೈಕಾಲು ತೊಳೆಯುವಾಗ ಬೀಗಿತ್ತಿಗೆ ಒಂದೇ ಮಾತು ಹೇಳಿದಳು. “ನಮ್ಮೂರಲ್ಲಿ ತ್ವಾಟದ ಬಾವಿ ನೀರು ಕುಡ್ಕಂಡು ಬೆಳ್ದಿದ್ಲು. ನಿಮ್ಮನೇಲಿ ನಲ್ಲಿ ಐತೆ ಅಂತ ಕೊಟ್ಟೆ ಕಣವ್ವ.”

ತಿಥಿ ಕಳೆದು ಒಂದಷ್ಟು ದಿನವಾದ ಮೇಲೆ, ಹಗಲು ಹೊತ್ತಿನಲ್ಲೇ, ಪುಟ್ಟಗಂಗಮ್ಮ ಹಾರೆ ಹಿಡಿದು ಬೀದಿಗೆ ಇಳಿದಳು. ಯಾರನ್ನೂ ಕರೆಯಲಿಲ್ಲ. ಚಪ್ಪಡಿಯ ಸಂದಿಗೆ ಹಾರೆ ಕೊಟ್ಟು ಮೀಟಿದಳು. ಎರಡು ಚಪ್ಪಡಿ ಎತ್ತುವ ಹೊತ್ತಿಗೆ ಬೀದಿಯೆಲ್ಲ ಸೇರಿತ್ತು. ಯಾರೋ ಮೊಬೈಲು ಹಿಡಿದರು. ಕೆಸರು ಬಾಚಿ ಬಾಚಿ ಪಕ್ಕಕ್ಕೆ ಹಾಕಿದಾಗ ಪೈಪು ಕಂಡಿತು. ಎರಡು ಪೈಪು ಸೇರುವ ಕಡೆ ಅಂಟಿಲ್ಲ, ಬಿಗಿಯಿಲ್ಲ. ಸೈಕಲ್ ಟ್ಯೂಬಿನ ತುಂಡು ಸುತ್ತಿ ತಂತಿ ಕಟ್ಟಿದ್ದರು. ಅವತ್ತು ನೀರು ಬಿಡುವ ದಿನವಾಗಿತ್ತು. ನೀರು ಬರುವಷ್ಟು ಹೊತ್ತು ಆ ಕಟ್ಟಿನಿಂದ ಒಳ್ಳೆಯ ನೀರು ಚಿಮ್ಮಿ ಮೋರಿಗೆ ಬೀಳುತ್ತಿತ್ತು. ಹೊತ್ತು ಮುಗಿದು ಟ್ಯಾಂಕಿನ ಹತ್ತಿರ ನೀರು ಬಿಡುವವನು ವಾಲ್ವ್ ತಿರುಗಿಸಿದ, ನೀರು ನಿಂತಿತು. ಆಗ ಟ್ಯೂಬಿನ ಸುತ್ತ ನಿಂತಿದ್ದ ಕಪ್ಪು ನೀರು ಸಣ್ಣಗೆ ಸುಳಿ ಸುತ್ತುತ್ತ, ಗೊರಗೊರ ಸದ್ದು ಮಾಡುತ್ತ ಪೈಪಿನ ಒಳಕ್ಕೆ ಹೋಗತೊಡಗಿತು. ಎಲ್ಲರೂ ನೋಡಿದೆವು. ಪಕ್ಕದ ಮನೆಯ ಹುಡುಗಿ ಅಲ್ಲೇ ಕುಕ್ಕರಿಸಿ ಕಕ್ಕಿದಳು.

ಪುಟ್ಟಗಂಗಮ್ಮ ಆ ಸುಳಿಯನ್ನೇ ನೋಡುತ್ತಿದ್ದಳು. ಆಮೇಲೆ ಹಾರೆ ಎತ್ತಿ ಪೈಪಿನ ಮೇಲೆ ಹಾಕಿದಳು. ಒಂದೇಟಲ್ಲ, ಕೈ ಸೋಲುವವರೆಗೆ. ಯಾರೂ ಹಿಡಿಯಲಿಲ್ಲ.

ಸಾರ್ವಜನಿಕ ಆಸ್ತಿ ಹಾಳುಮಾಡಿದ್ದಾಳೆಂದು ಪಂಚಾಯಿತಿಯವರು ದೂರು ಕೊಟ್ಟರು. ಪೊಲೀಸಿನವರು ಬಂದು ಹಾರೆ ತೆಗೆದುಕೊಂಡು ಹೋದರು. ಬೀದಿಗೆ ನೀರು ನಿಂತುಹೋಯಿತು. ಮೊದಲ ಎರಡು ದಿನ ಎಲ್ಲರೂ ಅವಳ ಪರ. ಆಮೇಲೆ ಟ್ಯಾಂಕರಿನ ಹತ್ತಿರ ಬಿಂದಿಗೆ ಜಗಳ ಹತ್ತಿತು, ಪಂಪಿನ ಗಡಸು ನೀರು ಮತ್ತೆ ಅಡಿಗೆಗೆ ಬಂತು. ಹನುಮಂತರಾಜು ಬಂದು ಟ್ಯಾಂಕರಿನ ಪಕ್ಕ ನಿಂತು ಎಲ್ಲರಿಗೂ ಕೇಳುವಂತೆ ಅಂದ, “ನಲ್ಲಿ ಬೇಕು ಅಂತ ಕೂತೋಳೂ ಅವಳೇ, ಒಡ್ದೋಳೂ ಅವಳೇ. ನಾನೇನ್ ಮಾಡ್ಲಿ ಹೇಳ್ರಪ್ಪ?” ಹೆಂಗಸರಲ್ಲಿ ಒಬ್ಬಿಬ್ಬರು ಹೌದು ಹೌದು ಎಂದರು. ಕೊಲ್ಲಾಪುರಮ್ಮನೂ ಎಂದಳು.

ಮನೆಯೊಳಗೆ ಬಾಲರಾಜು ಕುಡಿದು ಬಂದು ಅಂದದ್ದು ಬೀದಿಗೆಲ್ಲ ಕೇಳಿತು. “ಸಾಕು ಬುಡವ್ವ ನಿನ್ ಹೋರಾಟ. ನಿನ್ ನಲ್ಲಿನೇ ಕಣವ್ವ ಅವಳ್ನ ತಿಂದಿದ್ದು.”



ಮೊಬೈಲಿನಲ್ಲಿ ಹಿಡಿದ ಚಿತ್ರ ಊರೂರು ಸುತ್ತಿದ್ದರಿಂದ ಮೇಲಿನಿಂದ ವಿಚಾರಣೆಗೆ ಬಂದರು. ವಿಚಾರಣೆ ಮುಗಿದಾಗ ಹೊರಬಿದ್ದ ಮಾತು ಇದು: ಸ್ಥಳೀಯರು ಪೈಪನ್ನು ಒಡೆದದ್ದರಿಂದ ಚರಂಡಿಯ ನೀರು ಸೇರಿ ರೋಗ ಹರಡಿದೆ. ಪುಟ್ಟಗಂಗಮ್ಮ ಪಂಚಾಯಿತಿಗೆ ಹೋದಳು, ನನ್ನನ್ನೂ ಕರೆದುಕೊಂಡು ಹೋದಳು. ವರಾಂಡದಲ್ಲಿ ಕೂರಲಿಲ್ಲ, ನೇರ ಒಳಗೆ ಹೋಗಿ ಅಧಿಕಾರಿಯ ಮೇಜಿನ ಮುಂದೆ ನಿಂತಳು.

“ಸಾರ್, ನನ್ ಸೊಸೆ ಸತ್ತಿದ್ದು ಮೊದ್ಲು. ನಾನು ಒಡ್ದಿದ್ದು ಆಮೇಲೆ.”

“ವರದೀಲಿ ಅದೆಲ್ಲ ಬರೋಲ್ಲಮ್ಮ. ಪೈಪ್ ಒಡೆದಿದ್ದು ನಿಜ ತಾನೆ?”

“ನಿಜ.”

“ನೀರಿಗೆ ಕೊಳೆ ಸೇರಿದ್ದು ನಿಜ ತಾನೆ?”

“ನಿಜ.”

“ಮತ್ತೆ?”

ಅವಳು ನನ್ನ ಮುಖ ನೋಡಿದಳು. ಹಿಂದುಮುಂದು ಮಾಡಿದ್ದೀರಿ ಸಾರ್ ಎಂದು ನಾನೇನೋ ಹೇಳಲು ಹೋದೆ. ನೀವು ಯಾರು, ನಿಮಗೂ ಇದಕ್ಕೂ ಏನು ಸಂಬಂಧ ಎಂದು ಕೇಳಿ ಅಟೆಂಡರನ್ನು ಕರೆದರು.

ಹೊಸ ಪೈಪು ಬಂತು. ಈ ಸಲ ರಸ್ತೆ ಅಗೆದು, ಚರಂಡಿಯಿಂದ ದೂರಕ್ಕೆ, ಸರಿಯಾಗಿಯೇ ಹಾಕಿದರು. ಕೆಲಸ ಸಿಕ್ಕಿದ್ದು ಹಳೆಯ ಕಂಟ್ರಾಕ್ಟರಿಗೇ. ಟೇಪು ಕತ್ತರಿಸಿ ಉದ್ಘಾಟನೆ ಮಾಡಿ ಲಾಡು ಹಂಚಿದರು. ಹನುಮಂತರಾಜುವಿಗೆ ಶಾಲು ಹೊದಿಸಿದರು. ನೀರು ಈಗ ಚೆನ್ನಾಗಿದೆ, ಸುಳ್ಳು ಹೇಳಬಾರದು. ಕಾಯಿಸಿ ಕುಡಿಯಿರಿ ಎಂದು ಆಶಾ ಕಾರ್ಯಕರ್ತೆ ಹೇಳಿ ಹೋದಳು. ಒಂದು ತಿಂಗಳು ಕಾಯಿಸಿದೆವು, ಆಮೇಲೆ ಬಿಟ್ಟೆವು.

ಕೇಸು ಮಾತ್ರ ನಡೆಯುತ್ತಲೇ ಇದೆ. ತಪ್ಪೊಪ್ಪಿಕೊಂಡು ಸಣ್ಣ ದಂಡ ಕಟ್ಟಿ ಮುಗಿಸಿಕೋ ಎಂದು ವಕೀಲರು ಹೇಳಿದರೆ ಅವಳು ಕೇಳುವುದಿಲ್ಲ. “ಪೈಪ್ ಒಡ್ದಿದ್ದು ಒಪ್ತೀನಿ. ರೋಗ ತಂದಿದ್ದು ನಾನು ಅಂತ ಒಪ್ಪಲ್ಲ” ಅನ್ನುತ್ತಾಳೆ. ಎರಡೂ ಬೇರೆ ಬೇರೆ, ರೋಗದ ವಿಚಾರ ಈ ಕೇಸಿನಲ್ಲೇ ಇಲ್ಲ ಎಂದು ವಕೀಲರು ಬಿಡಿಸಿ ಹೇಳಿದರು. ಇಲ್ಲದಿದ್ದರೆ ಸೇರಿಸಿ ಎಂದಳು. ವಾಯಿದೆಯ ದಿನ ಮಂಡಿಯ ಕೆಲಸ ಬಿಟ್ಟು ಬಸ್ಸು ಹತ್ತುತ್ತಾಳೆ, ಕರೆಯುವ ತನಕ ಕೂತಿರುತ್ತಾಳೆ, ಮುಂದಿನ ತಾರೀಕು ಕೇಳಿಕೊಂಡು ಬರುತ್ತಾಳೆ.

ಬಾಲರಾಜು ಬಿಳಿಗೆರೆಯ ಯೋಗಿತಾಳನ್ನು ಮದುವೆಯಾಗಿ ಅವರ ಮನೆಯಲ್ಲೇ ಉಳಿದ. ಅವಳು ಬಸುರಾದಾಗ ಕೆಂಚಾಪುರಕ್ಕೆ ಒಂದು ದಿನವೂ ಕರೆತರಲಿಲ್ಲ. ಹೋದ ತಿಂಗಳು ಮಗುವಾಯಿತು, ಹೆಣ್ಣು. ಪುಟ್ಟಗಂಗಮ್ಮ ನನ್ನ ಹತ್ತಿರ ಮೆತ್ತನೆಯ ಬಟ್ಟೆಯಲ್ಲಿ ಕುಲಾವಿ ಹೊಲಿಸಿಕೊಂಡು ನೋಡಲು ಹೋದಳು.

ಬೀಗರು ಚೆನ್ನಾಗಿ ಮಾತಾಡಿಸಿದರಂತೆ. ಮಗುವನ್ನು ತೊಡೆಯ ಮೇಲೆ ಹಾಕಿದರಂತೆ. ಯೋಗಿತಾಳ ತಾಯಿ ತಾಮ್ರದ ಚೊಂಬಿನಲ್ಲಿ ನೀರು ತಂದು ಮುಂದಿಟ್ಟಾಗ ಇವಳು ಅದನ್ನು ನೋಡಿ, “ಇಲ್ಲಿ ನೀರು ಎಲ್ಲಿಂದ ಬತ್ತದೆ?” ಎಂದು ಕೇಳಿದಳಂತೆ.

ಬಾಗಿಲಲ್ಲಿ ನಿಂತಿದ್ದ ಬಾಲರಾಜು ಒಳಗೆ ಬಂದ. “ಅವ್ವ, ಇಲ್ಲಾದ್ರೂ ಬಾಯಿ ಮುಚ್ಕೊಂಡಿರು.”

ಅವಳು ಮುಚ್ಚಿಕೊಂಡಿದ್ದಳು. ಮಗುವಿನ ತಲೆಗೆ ಕುಲಾವಿ ಕಟ್ಟಿ, ಅದು ನಿದ್ದೆ ಹೋಗುವ ತನಕ ತಟ್ಟಿ, ತಾಯಿಯ ಪಕ್ಕ ಮಲಗಿಸಿ, ಸಂಜೆಯ ಬಸ್ಸಿಗೆ ಹೊರಟು ಬಂದಳು. ಇದನ್ನೆಲ್ಲ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತು ಹೇಳಿದಳು.

“ನೀರು ಕುಡಿದ್ರಾ?” ಎಂದು ಕೇಳಿದೆ.

“ಕುಡುದೆ ಕಣಪ್ಪ. ಕೊಟ್ರಲ್ಲ.”