ಒಂದೇ ಕಲ್ಲಿನ ಮೇಲೆ ನಿಂತ ಇಬ್ಬರು

ಇಂಥ ಸಂಗತಿಗಳನ್ನು ಯಾರಾದರೂ ಹೇಳತೊಡಗಿದರೆ ನಾನು ಮೊದಲು ಅವರ ಮುಖ ನೋಡುತ್ತಿದ್ದೆ, ಆಮೇಲೆ ಮೆಲ್ಲಗೆ ಎದ್ದು ಹೋಗುತ್ತಿದ್ದೆ. ಸವಣೂರಿನಲ್ಲಿ ಔಷಧದ ಅಂಗಡಿ ಇಟ್ಟವನು ನಾನು. ವೈದ್ಯರ ಚೀಟಿಯನ್ನು ಎರಡು ಸಲ ಓದದೆ ಗುಳಿಗೆ ಕೊಡುವವನಲ್ಲ. ಹುಟ್ಟಾ ಸಂಶಯದ ಪ್ರಾಣಿ. "ದೇವರ ಬಂದು ಎದುರಿಗೆ ನಿಂತರೂ ಆಧಾರ್ ಕಾರ್ಡ್ ತೋರ್ಸು ಅನ್ನೋವ್ರ ನೀವು" ಎಂದು ಹೆಂಡತಿ ನಗುತ್ತಾಳೆ. ಈಗ ನನ್ನ ಮಾತು ಕೇಳಿ ನೀವು ಎದ್ದು ಹೋದರೆ ನನ್ನದೇನೂ ತಕರಾರಿಲ್ಲ.

ಚಿಕ್ಕೇರೂರಿನ ಬಸವರಾಜ ನನ್ನ ಶಾಲೆಯ ಕಾಲದ ಗೆಳೆಯ. ಅವನದು ಬೀಜ, ಗೊಬ್ಬರದ ವ್ಯಾಪಾರ. ಇಬ್ಬರಿಗೂ ಒಂದೇ ಹುಚ್ಚು, ಬೆಳಕಿನದು. ಬಿಡುವು ಸಿಕ್ಕರೆ ಸಾಕು, ಕ್ಯಾಮೆರಾ ಹೆಗಲಿಗೇರಿಸಿ ಕೆರೆ, ಗುಡ್ಡ ಸುತ್ತುತ್ತಿದ್ದೆವು. ನಮ್ಮಲ್ಲೊಂದು ಕರಾರಿತ್ತು: ಜಾಗ ಹುಡುಕಿದವನೇ ಅಲ್ಲಿ ಮೊದಲು ನಿಲ್ಲಬೇಕು. ಹಾನಗಲ್ಲಿನ ಕೆರೆ ಏರಿಯ ಚಪ್ಪಟೆ ಕಲ್ಲು ನಾನು ಹುಡುಕಿದ್ದು. ಎರಡೂ ಕಡೆ ಜಾಲಿಮುಳ್ಳು, ಒಬ್ಬನಿಗಷ್ಟೇ ಜಾಗ.

ಕೆಲವು ವರ್ಷಗಳ ಹಿಂದೆ, ಮಳೆ ನಿಂತರೂ ಮೋಡ ಸರಿಯದ ದಿನಗಳಲ್ಲಿ, ಅಲ್ಲಿಗೆ ಹೋಗೋಣವೆಂದು ಮಾತಾಡಿಕೊಂಡೆವು. ಹಿಂದಿನ ಸಂಜೆ ಬಸವರಾಜ ಫೋನು ಮಾಡಿ, "ಗೊಬ್ಬರದ ಲಾರಿ ಬರೂದೈತಿ ದೋಸ್ತ, ನೀ ಹೋಗಿ ಬಾ" ಅಂದ. ಬೇಸರವಾಯಿತು. ನಸುಕಿನಲ್ಲೇ ಬೈಕು ಹತ್ತಿ ಒಬ್ಬನೇ ಹೋದೆ.

ಕಲ್ಲಿನ ಮೇಲೆ ನಿಂತು, ಮುಂದಿನ ಕೆಸರಿನಲ್ಲಿ ಟ್ರೈಪಾಡ್ ಊರಿ ಕಾದೆ. ಆಕಾಶವೆಲ್ಲ ಬೂದಿ ಬಣ್ಣ. ಇವತ್ತು ಏನೂ ಆಗದೆಂದು ಮಡಚಲು ಬಗ್ಗಿದಾಗ ಮೂಡಣದ ಮೋಡ ಬಿರಿದು, ಆಚೆ ದಂಡೆಯ ಗದ್ದೆಯ ಮೇಲೆ ಒಂದೇ ಒಂದು ಪಟ್ಟಿ ಬಿಸಿಲು ಬಿತ್ತು. ಕೆರೆ ಮಾತ್ರ ಕಪ್ಪಗೇ ಇತ್ತು. ಬೆಳ್ಳಕ್ಕಿಯೊಂದು ಎದ್ದು ಆ ಬಿಸಿಲಿನೊಳಗೆ ಬಂತು. ಒಂದೇ ಸಲ ಗುಂಡಿ ಒತ್ತಿದೆ, ಅಷ್ಟರಲ್ಲಿ ಮೋಡ ಕೂಡಿಕೊಂಡಿತು. ಅಬ್ಬಾ, ಅಂಥ ಚಿತ್ರ ಜನ್ಮಕ್ಕೊಂದು! ಸುತ್ತ ನರಪಿಳ್ಳೆಯೂ ಇರಲಿಲ್ಲ. ಇದನ್ನು ನಾನು ಆಣೆ ಮಾಡಿ ಹೇಳಬಲ್ಲೆ.

ಊರೊಳಗೆ ಬಂದು ಹೋಟೆಲಿನಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದಾಗ ಬಸವರಾಜನ ವಾಟ್ಸಾಪ್ ಬಂತು. ತನ್ನ ಕ್ಯಾಮೆರಾದ ಪರದೆಯನ್ನು ಮೊಬೈಲಿನಲ್ಲಿ ಹಿಡಿದು ಕಳಿಸಿದ್ದ. ಕೆಳಗೆ, "ಎಲ್ಲಿ ಅದಿ ದೋಸ್ತ? ನೀ ಬರ್ಲಿಲ್ಲ, ಅದಕ್ಕ ನಿನ್ನ ಕಲ್ಲಿನ ಮ್ಯಾಲ ನಾನ ನಿಂತು ಹೊಡದೆ" ಎಂದಿತ್ತು.

ಅದು ಆಗಷ್ಟೇ ನಾನು ತೆಗೆದ ಚಿತ್ರವೇ.

ಮೈಯೆಲ್ಲ ಉರಿಯಿತು. ಕಳ್ಳ! ಆದರೆ ಹೇಗೆ ಕದ್ದ? ಕಾರ್ಡು ನನ್ನ ಕ್ಯಾಮೆರಾದೊಳಗೆ, ಕ್ಯಾಮೆರಾ ನನ್ನ ತೊಡೆಯ ಮೇಲೆ. ಉಪ್ಪಿಟ್ಟು ಅಲ್ಲೇ ಬಿಟ್ಟು ಬೈಕನ್ನು ಚಿಕ್ಕೇರೂರಿನ ಕಡೆ ತಿರುಗಿಸಿದೆ.

ಅವನ ಅಂಗಡಿಯಲ್ಲಿ ಗೊಬ್ಬರದ ಚೀಲದ ಮೇಲೆ ಎರಡೂ ಕ್ಯಾಮೆರಾ ಇಟ್ಟು ನೋಡಿದೆವು. ಅದೇ ಬಿರುಕು, ಅದೇ ಹಕ್ಕಿ, ಅದೇ ರೆಕ್ಕೆಯ ಮಡಿಕೆ. ದಾಖಲಾದ ಸಮಯವೂ ಒಂದೇ. ಅವನ ಮುಖ ಬಿಳಿಚಿಕೊಂಡಿತು.

"ಲಾರಿ ಬರಾಂಗಿಲ್ಲ ಅಂತ ನಸುಕಿನ್ಯಾಗ ಫೋನ್ ಬಂತು, ಎದ್ದು ಕೆರಿಗೆ ಹೋದೆ. ನಿನ್ನ ಕೂಗಿದೆ, ಫೋನ್ ಹಚ್ಚಿದೆ, ಹತ್ಲಿಲ್ಲ. ಅಲ್ಲಿ ಯಾರೂ ಇರ್ಲಿಲ್ಲೋ. ನೀ ಎಲ್ಲಿದ್ದಿ, ಅದನ್ನ ಹೇಳು ಮೊದಲ."

ಒಳಗಿನಿಂದ ಅವನ ಹೆಂಡತಿ, "ಹೌದ್ರಿ ಅಣ್ಣಾರ, ಚಾ ಸೈತ ಕುಡೀಲಾರದ ಹೋದ್ರು" ಅಂದಳು. ಆಕೆಯ ಮಾತನ್ನೂ ನಾನು ನಂಬಲಿಲ್ಲ. ಬಸವರಾಜನೂ ನನ್ನನ್ನು ಓರೆಗಣ್ಣಿನಿಂದ ನೋಡತೊಡಗಿದ್ದ. ನಾನು ಅವನನ್ನು ಕಳ್ಳ ಎಂದು ತಿಳಿದದ್ದಕ್ಕಿಂತ, ಅವನು ನನ್ನನ್ನು ಹಾಗೆ ನೋಡಿದ್ದೇ ಹೆಚ್ಚು ಚುಚ್ಚಿತು.

ಇಬ್ಬರೂ ಕೂಡಿಯೇ ಏರಿಗೆ ಹೋದೆವು. ಕಲ್ಲಿನ ಮುಂದಿನ ಕೆಸರಿನಲ್ಲಿ ಟ್ರೈಪಾಡಿನ ಕಾಲಿನ ಮೂರೇ ತೂತು ಇದ್ದವು. ನನ್ನ ಟ್ರೈಪಾಡ್ ಇಟ್ಟು ನೋಡಿದೆ, ಸರಿಯಾಗಿ ಕೂತಿತು. ಅವನದನ್ನು ಇಟ್ಟ, ಅದೂ ಕೂತಿತು.

ಕೊನೆಗೆ ಬಸವರಾಜ ನನ್ನ ಕಣ್ಣೆದುರೇ ಕ್ಯಾಮೆರಾದಿಂದ ಆ ಚಿತ್ರ ಅಳಿಸಿದ. ಮೊಬೈಲಿನಿಂದಲೂ ಅಳಿಸಿದ. "ನನಗ ಚಿತ್ರ ಬ್ಯಾಡೋ ದೋಸ್ತ, ನೀ ಬೇಕು" ಅಂದ.

ಅವನನ್ನು ಅಪ್ಪಿಕೊಳ್ಳಬೇಕಿತ್ತು. ನನ್ನ ಹಾಳು ತಲೆಗೆ ಹೊಳೆದದ್ದು ಬೇರೆ: ಮನೆಯ ಕಂಪ್ಯೂಟರಿನಲ್ಲಿ ಇನ್ನೊಂದು ಪ್ರತಿ ಇಟ್ಟಿರಬಹುದೇ? ಬಾಯಿ ಬಿಟ್ಟು ಕೇಳಲಿಲ್ಲ, ಆದರೆ ಅವನಿಗೆ ತಿಳಿಯಿತು. "ನಂಬಿಕಿ ಇಲ್ಲ ನಿನಗ, ಹೌದಲ್ಲ?" ಎಂದವನು ಉತ್ತರಕ್ಕೂ ಕಾಯದೆ ಏರಿ ಇಳಿದು ಹೋದ.

ಕಳ್ಳನಾಗಿದ್ದರೆ ಹಾಗೆ ಅಳಿಸುತ್ತಿದ್ದನೇ? ಅಥವಾ ಕಳ್ಳನಾದ್ದರಿಂದಲೇ ಅಳಿಸಿದನೇ? ಇವತ್ತಿಗೂ ನನಗೆ ಬಗೆಹರಿದಿಲ್ಲ. ಅವನು ಸುಳ್ಳು ಹೇಳಿದನೆಂದು ಗೊತ್ತಾಗಿದ್ದರೆ ಎಷ್ಟೋ ನಿರಾಳವಾಗಿ ಜಗಳಾಡುತ್ತಿದ್ದೆ. ಅವನು ಖರೇ ಹೇಳಿದ್ದರೆ ಆ ಮುಂಜಾನೆ ನಾನು ಎಲ್ಲಿದ್ದೆ? ಅದನ್ನು ಯೋಚಿಸಲೂ ಅಂಜಿಕೆಯಾಗುತ್ತದೆ.

ಬಸವರಾಜ ಈಗ ಕ್ಯಾಮೆರಾ ಮುಟ್ಟುವುದಿಲ್ಲವಂತೆ. ಮದುವೆಗಳಲ್ಲಿ ಸಿಕ್ಕರೆ ಮಳೆ, ಬೆಳೆಯ ಮಾತಾಡಿ ಊಟಕ್ಕೆ ಬೇರೆ ಬೇರೆ ಸಾಲಿನಲ್ಲಿ ಕೂರುತ್ತೇವೆ. ಆ ಚಿತ್ರವನ್ನು ನನ್ನ ಹೆಂಡತಿ ಚೌಕಟ್ಟು ಹಾಕಿಸಿ ನಮ್ಮ ಅಂಗಡಿಯಲ್ಲಿ ತೂಗಹಾಕಿದ್ದಾಳೆ. ಬಂದವರು ತಲೆಯೆತ್ತಿ ನೋಡಿ, "ಎಷ್ಟ್ ಛಂದ ಬಂದೈತ್ರಿ, ಯಾರ್ ತಗದಾರ್ರಿ ಇದನ್ನ?" ಎಂದು ಕೇಳುತ್ತಾರೆ. ನಾನು ಗುಳಿಗೆ ಎಣಿಸುತ್ತ ಕೇಳಿಸದವನಂತೆ ಇದ್ದುಬಿಡುತ್ತೇನೆ.