ಚುಕ್ಕಿ ಹಾಕದೆ ಹೇಳಿದ ಮಾತು

ಪುಣೆಯ ಸ್ವಾರಗೇಟ ನಿಲ್ದಾಣಕ್ಕೆ ತಿರುಗುವಾಗ ನಮ್ಮ ಧಾರವಾಡದ ಬಸ್ಸಿನ ಮುಂಗಾಜು ಒಡೆಯಿತು. ಕಲ್ಲು ಚಾಲಕ ಬಸಪ್ಪನವರ ಹುಬ್ಬು ಸೀಳಿತ್ತು. ರಕ್ತ ಕಣ್ಣಿಗಿಳಿಯುತ್ತಿದ್ದರೂ ಅವರು ಬಸ್ಸನ್ನು ಪಕ್ಕಕ್ಕೆ ತಂದು ನಿಲ್ಲಿಸಿದರು. ಹೊರಗೆ ಗಡಿ ವಿವಾದದ ಘೋಷಣೆ ಕೂಗುತ್ತಿದ್ದ ಗುಂಪು ಚದುರುತ್ತಿತ್ತು. ಮೊದಲ ಸೀಟಿನಲ್ಲಿದ್ದ ನಾನು ಕೆಂಪು ಅಂಗಿಯ ಒಬ್ಬನತ್ತ ಬೆರಳು ಮಾಡಿ "ಅಂವನ!" ಎಂದೆ.

ಆರೇಳು ಪ್ರಯಾಣಿಕರು ಇಳಿದು ಅವನನ್ನು ಕೆಡವಿದರು, ಇಬ್ಬರು ಬಸ್ಸಿನ ಜಾಕ್ ರಾಡು ಹಿಡಿದು ಹೊಡೆದರು. ದವಡೆ ಮುರಿದ ಸದ್ದು ನನಗೆ ಕೇಳಿಸಿತು.

ಪುಣೆಗೆ ಬಂದು ಎಂಟು ತಿಂಗಳು. ಧಾರವಾಡದಲ್ಲಿ ಹೊಸಬರನ್ನು "ಯಾರ ಪೈಕಿರಿ?", ಯಾರ ಕಡೆಯವರು, ಎನ್ನುತ್ತೇವೆ, ಇಲ್ಲಿ "ಗಾಂವ್ ಕುಠಲಂ?", ಯಾವ ಊರು ಎಂದು. ಇಲ್ಲಿಯ ಭಾಷಾವಿಜ್ಞಾನ ವಿಭಾಗದಲ್ಲಿ ನನ್ನ ಕೆಲಸ ಏನೆಂದು ಕೇಳಿದರೆ ಎರಡೂ ಕಡೆ ನಗುತ್ತಾರೆ. ರಷ್ಯನ್, ಪೋಲಿಷ್ ಮುಂತಾದ ಸ್ಲಾವಿಕ್ ಭಾಷೆಗಳ ಮೂಲಭಾಷೆ ಬರಹ ಉಳಿಸಿಲ್ಲ. ಅದರ ನಾಮಪದಗಳನ್ನು ಮರಿಭಾಷೆಗಳಿಂದ ಊಹಿಸಿ ಕಟ್ಟುತ್ತೇವೆ. ಆ ತಿಂಗಳ ಪದ ರಕ್ತ. ಪ್ರಥಮೆಯಲ್ಲಿ *ಕ್ರಿ, ದ್ವಿತೀಯೆಯಲ್ಲಿ *ಕ್ರುವಿ, ಷಷ್ಠಿಯಲ್ಲಿ *ಕ್ರುವೆ. ರಷ್ಯನ್ನರ ಕ್ರೋಫ್, ಪೋಲರ ಕ್ರೆಫ್, ಸರ್ಬರ ಕ್ರ್ವ್ ಅದರ ಸಂತತಿ. ನಮ್ಮ ಸಂಸ್ಕೃತದ ಕ್ರವ್ಯ, ಹಸಿಮಾಂಸ, ದೂರದ ನೆಂಟ. ಬಹುಪಾಲು ಮರಿಗಳಲ್ಲಿ ಕರ್ತೃವಿನ ರೂಪ ಸತ್ತು, ಕರ್ಮದ ರೂಪ ಆ ಜಾಗ ಹಿಡಿಯಿತು. ಕಣ್ಣಿಗೆ ಕಾಣದ, ಊಹಿಸಿದ ರೂಪದ ತಲೆಗೆ * ಎಂಬ ಚುಕ್ಕಿ ಹಾಕಲೇಬೇಕು. ಮರೆತರೆ ವಿಭಾಗದ ಮೇಡಂ ಪದ ಬರೆದ ಕಾರ್ಡು ಹರಿಯುತ್ತಾರೆ.

ನಾನು ಕಂಡದ್ದು ಎತ್ತಿದ ಕೆಂಪು ತೋಳು. ಆಮೇಲೆ ಕೆಂಪು ಅಂಗಿ. ನಡುವಿನದನ್ನು ನಾನೇ ಕಟ್ಟಿದ್ದೆ.

ಏಟು ತಿಂದವನು ನೀಲೇಶ, ನಿಲ್ದಾಣದಲ್ಲಿ ಲಿಂಬು ಶರಬತ್ತು ಮಾರುವವನು. ಪೊಲೀಸರು ಅವನನ್ನು ಆಸ್ಪತ್ರೆಗೆ, ನಮ್ಮನ್ನು ಠಾಣೆಗೆ ಒಯ್ದರು. ಠಾಣೆಯಲ್ಲಿ ಅವನ ತಾಯಿ ನನ್ನ ಮಣಿಕಟ್ಟು ಹಿಡಿದು ಕೇಳಿದಳು: "ಪಾಹಿಲಂಸ್ ಕಾ ತೂ?" ನೋಡಿದೆಯಾ ನೀನು?

ಹೊಲಿಗೆ ಹಾಕಿಸಿಕೊಂಡ ಬಸಪ್ಪ ನನ್ನ ಪಕ್ಕಕ್ಕೆ ಬಂದರು. "ಅಕ್ಕಾರ, ಅಂವ ಕಲ್ಲ ಒಗದದ್ದ ನೋಡೇನಿ ಅನ್ರಿ. ಇಲ್ಲಂದ್ರ ನಮ್ಮ ಹುಡುಗ್ರು ಒಳಗ ಹೋಗ್ತಾರ."

"ಮುಖ ನೋಡಿಲ್ರಿ ನಾ."

"ಈಗ ನೆನಪಾತೇನ್ರಿ? ಬೆರಳ ಮಾಡೂವಾಗ ಭಾಳ ಚುರುಕ ಇದ್ರಿ!"

ಒಳಗೆ ಹೋಗಿ ಹೇಳಿಕೆ ಬರೆಸಿದೆ: ತೋಳು ಕಂಡೆ, ಎಸೆದವನ ಮುಖ ಕಾಣಲಿಲ್ಲ, ಆದರೂ ಬೆರಳು ತೋರಿಸಿದೆ, ರಾಡ್ ಹಿಡಿದ ಇಬ್ಬರನ್ನು ಗುರುತಿಸಬಲ್ಲೆ. ಆ ಇಬ್ಬರಲ್ಲೊಬ್ಬರು ದಾರಿಯಲ್ಲಿ ನನಗೆ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟಿದ್ದರು.

ಸಹಿ ಹಾಕಿ ಹೊರಗೆ ಬಂದೆ. ಬೆಂಚಿನ ಒಂದು ತುದಿಯಲ್ಲಿ ಬಸಪ್ಪ, ಇನ್ನೊಂದು ತುದಿಯಲ್ಲಿ ಆ ತಾಯಿ. ಇಬ್ಬರಿಗೂ ನನ್ನ ಹೇಳಿಕೆಯ ಸುದ್ದಿ ಮುಟ್ಟಿತ್ತು. ನಡುವೆ ಮೂವರು ಕೂರುವಷ್ಟು ಜಾಗವಿತ್ತು. ಯಾರೂ ಕೂರು ಎನ್ನಲಿಲ್ಲ. ನಾನು ನಿಂತೇ ಇದ್ದೆ.